ಗೋಡೆ ಪಕ್ಕದ ಪ್ಲೇಸು

ಲಾಲ್ ಬಾಷಾನಿಗೆ ಬರುತ್ತಿದ್ದ ಇಂಗ್ಲಿಷು ಒಟ್ಟು ನಾಲ್ಕು ಮಾತು: ರೈಟ್, ಹೋಲ್ಡಾನ್, ಚೇಂಜು, ಪ್ಲೇಸು. ಬಸ್ಸಿನ ಕಂಡಕ್ಟರ್ ಕೆಲಸ ಹೋದ ಮೇಲೆ ಮೊದಲ ಮೂರು ಅವನ ಬಾಯಿಂದ ತಾವಾಗಿಯೇ ಉದುರಿಹೋದವು. ಪ್ಲೇಸು ಮಾತ್ರ ಅಂಟಿಕೊಂಡಿತು. ಅಂಟಿಕೊಂಡು ಅವನ ನಿದ್ದೆಯನ್ನೂ ಮರ್ಯಾದೆಯನ್ನೂ ತಿಂದುಹಾಕಿತು.

ನಾನು ರಾಮಾಂಜಿನಪ್ಪ, ಅದೇ ಬಸ್ಸಿನ ಡ್ರೈವರು. ಚಿಂತಾಮಣಿಯಿಂದ ಹೊರಟು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಹಾದು ಗೌರಿಬಿದನೂರಿಗೆ ಹೋಗಿ ಬರುತ್ತಿದ್ದ ಖಾಸಗಿ ಬಸ್ಸು ಅದು. ಅದರಲ್ಲೇ ಇಬ್ಬರೂ ಕೂದಲು ಬೆಳ್ಳಗೆ ಮಾಡಿಕೊಂಡೆವು. ಕೂದಲು ಅಂದೆನಲ್ಲ, ಅವನಿಗೆ ಗಡ್ಡದಲ್ಲಿ, ನನಗೆ ಮೀಸೆಯಲ್ಲಿ. ತಲೆಯ ಮೇಲೆ ಇಬ್ಬರಿಗೂ ಏನೂ ಉಳಿದಿಲ್ಲ.

"ಒಳಗೆ ಪ್ಲೇಸ್ ಐತೆ, ಬನ್ನಿ ಬನ್ನಿ!" ಇದು ಅವನ ಕೂಗು. ಬಾಗಿಲಲ್ಲಿ ಜನ ಬಾವಲಿಗಳ ಹಾಗೆ ನೇತಾಡುತ್ತಿದ್ದರೂ ಅವನ ಪ್ರಕಾರ ಒಳಗೆ ಪ್ಲೇಸು ಇದ್ದೇ ಇರುತ್ತಿತ್ತು. ಎಲ್ಲಯ್ಯಾ ನಿನ್ನ ಪ್ಲೇಸು ಎಂದು ಯಾರಾದರೂ ರೇಗಿದರೆ, "ಮನಸ್ಸಲ್ಲಿದ್ರೆ ಬಸ್ಸಲ್ಲೂ ಇರ್ತದೆ ಸ್ವಾಮಿ, ಒಂಚೂರು ಸರ್ಕೊಳ್ಳಿ," ಅನ್ನುತ್ತಿದ್ದ. ಬೈಯಲು ಬಾಯಿ ತೆರೆದವರು ನಕ್ಕು ಸರಿದುಕೊಳ್ಳುತ್ತಿದ್ದರು. ಯಾರನ್ನೂ ದಾರಿಯಲ್ಲಿ ಬಿಟ್ಟು ಬಂದವನಲ್ಲ. ಕೊನೆಯ ಟ್ರಿಪ್ಪಿನಲ್ಲಿ ಸಾದಲಿ ಕಡೆಯ ರೈತನೊಬ್ಬ ರೇಷ್ಮೆಗೂಡಿನ ಮೂಟೆ ಹೊತ್ತುಕೊಂಡು ಓಡಿಬಂದರೆ, ನಾನು ಗೇರು ಹಾಕಿದ್ದರೂ ಹೋಲ್ಡಾನ್ ಎಂದು ತಗಡು ಬಡಿದು ನಿಲ್ಲಿಸುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು, ಅವನಿಗೆ ಬರುತ್ತಿರಲಿಲ್ಲ.

ಈ ಪ್ಲೇಸು ಅನ್ನುವುದೇ ಒಂದು ವಿಚಿತ್ರ ಮಾತು. ನಮ್ಮಲ್ಲಿ ಸ್ಥಳ ಅನ್ನುವ ಮಾತಿದೆ, ಅದು ಪೊಲೀಸರ ಮಹಜರಿಗೆ ಮತ್ತು ದೇವಸ್ಥಾನದ ಬೋರ್ಡಿಗೆ. ಜಾಗ ಅನ್ನುವುದಿದೆ, ಅದನ್ನು ಉಚ್ಚರಿಸಿದ ಕೂಡಲೇ ಯಾರದು ಎಂಬ ಪ್ರಶ್ನೆ ಬರುತ್ತದೆ, ಪ್ರಶ್ನೆಯ ಹಿಂದೆಯೇ ವಕೀಲರು ಬರುತ್ತಾರೆ. ಪ್ಲೇಸಿಗೆ ಒಡೆಯನಿಲ್ಲ. ಕೂತವನದು ಪ್ಲೇಸು, ಎದ್ದರೆ ಹೋಯಿತು. ಇಲ್ಲವೇ ಟವೆಲ್ ಹಾಕಿದವನದು. ಶಿಡ್ಲಘಟ್ಟದ ಸ್ಟ್ಯಾಂಡಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲು, ಕರ್ಚೀಫು, ಊಟದ ಬ್ಯಾಗು ಒಳಗೆ ಬೀಳುತ್ತಿದ್ದವು; ಒಮ್ಮೆ ಒಂದು ಕೂಸೇ ಒಳಗೆ ಬಂತು. ಟವೆಲ್ ಬಿದ್ದ ಸೀಟಿನಲ್ಲಿ ಇನ್ನೊಬ್ಬ ಕೂರುವುದಿಲ್ಲ. ಈ ಸೀಮೆಯಲ್ಲಿ ಟವೆಲ್ಲಿಗಿರುವ ಮರ್ಯಾದೆ ಮನುಷ್ಯನಿಗಿಲ್ಲ ಎಂದು ನಾನು ಬೈದುಕೊಳ್ಳುತ್ತಿದ್ದೆ. ಈಗಿನ ಹುಡುಗರು ಕೆಲಸ ಸಿಕ್ಕಿದರೆ "ಪ್ಲೇಸ್ ಆದೆ" ಅನ್ನುತ್ತಾರೆ. ನನ್ನ ಮಗಳು ಪವಿತ್ರ ಚಿಕ್ಕವಳಿದ್ದಾಗ ಓಟದಲ್ಲಿ ಥರ್ಡ್ ಪ್ಲೇಸ್ ಬಂದು ಊರೆಲ್ಲ ಹೇಳಿಕೊಂಡಳು, ಓಡಿದವರು ಮೂವರೇ. ನನ್ನ ಹೆಂಡತಿ ಆದಿಲಕ್ಷ್ಮಮ್ಮನಿಗೆ ತಿರುಪತಿ ಒಂದೇ "ಒಳ್ಳೇ ಪ್ಲೇಸು". ಈ ಎಲ್ಲವೂ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಬಾಷಾ ತೋರಿಸಿದ.

ಅವನ ಹೆಂಡತಿ ಶಕೀಲಾ. ತವರು ಶಿಡ್ಲಘಟ್ಟ, ರೇಷ್ಮೆ ನೂಲು ತೆಗೆಯುವವರ ಮನೆ. ತವರಿಗೆ ಹೋಗುವಾಗೆಲ್ಲ ನಮ್ಮ ಬಸ್ಸಿಗೇ ಬರುತ್ತಿದ್ದಳು. ಬಾಷಾ ಅವಳನ್ನು ನನ್ನ ಹಿಂದಿನ ಉದ್ದ ಸೀಟಿನಲ್ಲಿ ಕೂರಿಸುತ್ತಿದ್ದ. ದಾರಿಯಲ್ಲಿ ಬಸುರಿಯೋ ಮುದುಕಿಯೋ ಹತ್ತಿದರೆ ಮೊದಲು ಎಬ್ಬಿಸುತ್ತಿದ್ದದ್ದೂ ಅವಳನ್ನೇ.

"ಪಾಪ, ಅವಳ್ನೇ ಯಾಕೋ ಎಬ್ಬಿಸ್ತೀಯ?" ಎಂದರೆ, "ನನ್ನೋಳು ಎದ್ರೆ ಮಿಕ್ಕೋರು ತಾವೇ ಏಳ್ತಾರೆ ಕಣೋ," ಅನ್ನುತ್ತಿದ್ದ.

ಮಿಕ್ಕವರು ಎಲ್ಲಿ ಏಳುತ್ತಿದ್ದರು! ಅವಳೊಬ್ಬಳೇ ಕಂಬ ಹಿಡಿದು ನಿಂತಿರುವುದು ನನ್ನ ಕನ್ನಡಿಯಲ್ಲಿ ಕಾಣುತ್ತಿತ್ತು. ಒಂದು ಸಲ ಇಳಿಯುವಾಗ ನನ್ನ ಕಡೆ ತಿರುಗಿ ಹೇಳಿದಳು, "ಅಣ್ಣಾ, ನಿಮ್ ದೋಸ್ತು ಒಂದೇ ಒಂದಿನ ನನ್ ಪಕ್ಕ ಕೂತ್ಕೊಂಡ್ರೆ ಬೀದಿಗೆಲ್ಲಾ ಸಕ್ಕರೆ ಹಂಚ್ತೀನಿ." ಬಾಷಾ ನಕ್ಕ. ಕೆಲಸ ಬಿಟ್ಟ ಮೇಲೆ ಪಕ್ಕದಲ್ಲೇ ಕೂತಿರುತ್ತೇನೆ, ಬೇಜಾರಾಗಿ ನೀನೇ ಎಬ್ಬಿಸುತ್ತೀಯ ಅಂದ.

ಕೊರೊನಾದ ಎರಡನೇ ಅಲೆ ಬಂದಾಗ ಬಸ್ಸು ನಿಂತಿತು, ಮಾಲೀಕರು ಅದನ್ನು ಮಾರಿದರು. ಅದೇ ಹೊತ್ತಿಗೆ ಶಕೀಲಾಳಿಗೆ ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ಹಾಸಿಗೆಯೇನೋ ಸಿಕ್ಕಿತು, ಆದರೆ ಜೊತೆಯವರನ್ನು ಒಳಗೆ ಬಿಡುವ ಕಾಲವಲ್ಲ ಅದು. ಬಾಷಾ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಅವಳು ಫೋನು ಮಾಡಿದಳಂತೆ. "ಪಕ್ಕದಲ್ಲಿ ಒಂದು ಸ್ಟೂಲ್ ಐತೆ, ಖಾಲಿ ಐತೆ. ಬರ್ತೀರಾ?" ಅಂದಳಂತೆ. ಅದೇ ಅವಳ ಕೊನೆಯ ಮಾತು.

ಆ ದಿನಗಳಲ್ಲಿ ಗೋರಿ ತೋಡುವವರೂ ಹೆದರಿ ಓಡಿಹೋಗಿದ್ದರು. ಬಾಷಾ ತಾನೇ ಗುದ್ದಲಿ ಹಿಡಿದ. ಹೆಂಡತಿಗೆ ತೋಡಿದ, ಆಮೇಲೆ ಬೇರೆಯವರಿಗೂ ತೋಡಿದ. ಮಸೀದಿಯ ಯಜಮಾನರಾದ ಮುತವಲ್ಲಿ ಸಾಹೇಬರು ಖಬರಸ್ತಾನವನ್ನು ನೋಡಿಕೊಳ್ಳುವ ಕೆಲಸವನ್ನು ಅವನಿಗೇ ಒಪ್ಪಿಸಿ ಬೀಗದ ಕೈ ಕೊಟ್ಟರು.

ಚಿಂತಾಮಣಿ ಕಡೆಯ ನೆಲ ಎಂಥದು ಎಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಮೇಲೆ ಒಂದು ಮೊಳ ಮಣ್ಣು, ಕೆಳಗೆ ಬಂಡೆ. ಊರಾಚೆಯ ಆ ಖಬರಸ್ತಾನದಲ್ಲೂ ಅಷ್ಟೆ. ಕಲ್ಲು ಚಪ್ಪಡಿಗಳನ್ನು ಸಾಲಾಗಿ ನೆಟ್ಟ ಗೋಡೆಯ ಪಕ್ಕ ಒಂದು ಪಟ್ಟಿಯಷ್ಟು ಮಾತ್ರ ಮೆತ್ತನೆಯ ಆಳದ ಮಣ್ಣು. ಶಕೀಲಾಳನ್ನು ಇಟ್ಟದ್ದು ಅಲ್ಲಿ. ಅವಳ ಪಕ್ಕದ ಪ್ಲೇಸು ಆ ಪಟ್ಟಿಯಲ್ಲಿ ಉಳಿದಿದ್ದ ಕೊನೆಯದು.

ಖಬರಸ್ತಾನದಲ್ಲಿ ಯಾರೂ ಮುಂಚಿತವಾಗಿ ಪ್ಲೇಸು ಹಿಡಿದಿಡುವಂತಿಲ್ಲ. ಬಡವನಿರಲಿ, ಸಾಹುಕಾರನಿರಲಿ, ಮೊದಲು ಬಂದವನಿಗೆ ಮೊದಲು. ಬಾಷಾ ಮಾಡಿದ್ದೇನು ಗೊತ್ತೇ? ಒಂದು ಬೆಳಗ್ಗೆ ಆ ಪ್ಲೇಸಿನಲ್ಲಿ ಮಣ್ಣನ್ನು ಗೋರಿಯ ಹಾಗೆ ಗುಡ್ಡೆ ಮಾಡಿದ. ತಲೆಗೊಂದು ಕಾಲಿಗೊಂದು ಕಲ್ಲು ನೆಟ್ಟ. ಮೇಲೆ ಕಾಮಕಸ್ತೂರಿ ಗಿಡ ಹಾಕಿದ. ಸತ್ತವರನ್ನು ಅವಸರವಸರವಾಗಿ ಮಣ್ಣು ಮಾಡಿದ ಕಾಲ. ಇದು ಯಾರ ಗೋರಿ ಎಂದು ಯಾರೂ ಕೇಳಲಿಲ್ಲ. ಸೀಟಿನ ಮೇಲೆ ಟವೆಲ್ ಹಾಕಿದ, ಅಷ್ಟೆ. ಕಂಡಕ್ಟರ್ ಬುದ್ಧಿ ಎಲ್ಲಿ ಹೋಗುತ್ತದೆ! ಇದೆಲ್ಲ ನನಗೆ ಗೊತ್ತಾದದ್ದು ಬಹಳ ದಿನ ಕಳೆದ ಮೇಲೆ. ಕತೆ ಗೋಜಲಾಗಬಾರದೆಂದು ಇಲ್ಲೇ ಹೇಳಿದ್ದೇನೆ.

ಹೆಂಡತಿಯ ಪಕ್ಕ ಮಲಗಬೇಕೆಂಬ ಒಬ್ಬ ಮುದುಕನ ಆಸೆ. ಅಷ್ಟರಲ್ಲೇ ನಿಂತಿದ್ದರೆ ನಾನೂ ಕೇಳಿ ನಕ್ಕು ಸುಮ್ಮನಾಗುತ್ತಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ಫಾಜಿಲ್ ಎಂಬ ಪೇಂಟರು ಸತ್ತ. ಕದಿರಿ ಕಡೆಯವನು, ಹೆಂಡತಿ ಕಹಕಶಾನ್ ಮತ್ತು ಮಗಳು ಅರ್ಫಾಳ ಜೊತೆ ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ. ಏಣಿಯ ಮೇಲೆ ನಿಂತು ಬಣ್ಣ ಹೊಡೆಯುತ್ತಿದ್ದವನು ಎದೆ ಹಿಡಿದುಕೊಂಡು ಕೆಳಗೆ ಬಂದ, ಕೆಳಗೆ ಬಂದವನು ಮತ್ತೆ ಏಳಲಿಲ್ಲ. ಊರಿಗೆ ಹೊಸಬ, ಬಂಧುಬಳಗ ಕಡಿಮೆ. ಬೀದಿಯವರೇ ಸೇರಿ ಖಬರಸ್ತಾನಕ್ಕೆ ಹೋಗಿ ಬಾಷಾನನ್ನು ಕೇಳಿದರು.

"ಗೋಡೆ ಪಕ್ಕ ಪ್ಲೇಸ್ ಇಲ್ಲ," ಅಂದ ಬಾಷಾ. "ಈ ಕಡೆ ನೋಡಣ."

ಹಳೆಯ ಗೋರಿಯನ್ನು ತೆಗೆದು ಅದರಲ್ಲೇ ಇನ್ನೊಬ್ಬರನ್ನು ಇಡುವ ರೂಢಿ ಇದೆ. ಆದರೆ ಆ ಪಟ್ಟಿಯಲ್ಲಿದ್ದವೆಲ್ಲ ಕೊರೊನಾ ಕಾಲದವು, ಮುಟ್ಟುವಂತಿರಲಿಲ್ಲ. ಹಾಗಾಗಿ ಬಂಡೆಯ ಕಡೆ ತೋಡಲು ಶುರುಮಾಡಿದರು. ಬಾಷಾ ತಾನೇ ಹಾರೆ ಹಿಡಿದ. ಮೊಳದಾಳದಲ್ಲಿ ಠಣ್ ಅಂತು. ಪಕ್ಕಕ್ಕೆ ಸರಿದು ಇನ್ನೊಂದು ಗುಂಡಿ ತೆಗೆದರು, ಅಲ್ಲೂ ಠಣ್. ಅಷ್ಟರಲ್ಲಿ ಜನಾಜಾ ಬಂತು. ನೆರಳಿಲ್ಲದ ಬಯಲಲ್ಲಿ ಹೆಣವನ್ನು ಇಳಿಸಿಕೊಂಡು ಜನ ನಿಂತರು. ಮೂರನೆಯ ಗುಂಡಿಯಲ್ಲಿ ಹಾರೆಯ ಮೊನೆಯೇ ಬಾಗಿತು. ಬಾಷಾನ ಅಂಗೈಯಲ್ಲಿ ರಕ್ತ ಬರುತ್ತಿತ್ತು, ಆದರೂ ಕುಟ್ಟುತ್ತಲೇ ಇದ್ದ. ಕೆಳಗೆ ಬಂಡೆ ಇದೆ ಎಂದು ಅವನಿಗೆ ಗೊತ್ತು. ಇಪ್ಪತ್ತು ಹೆಜ್ಜೆ ಆಚೆ ಮೆತ್ತನೆಯ ಮಣ್ಣಿದೆ ಎಂದೂ ಗೊತ್ತು. ಬಾಯಿ ಮಾತ್ರ ತೆರೆಯಲಿಲ್ಲ.

ಅಲ್ಲಿ ಹೆಂಗಸರು ಖಬರಸ್ತಾನದೊಳಗೆ ಹೋಗುವುದಿಲ್ಲ. ಕಹಕಶಾನ್ ಮಗಳನ್ನು ಹಿಡಿದುಕೊಂಡು ಗೋಡೆಯ ಆಚೆ ಕೂತಿದ್ದಳು. ಅವಳಿಗೆ ಏನೂ ಕಾಣುತ್ತಿರಲಿಲ್ಲ. ಆ ಠಣ್ ಎಂಬ ಸದ್ದು ಮಾತ್ರ ಒಂದಾದ ಮೇಲೊಂದು ಕೇಳುತ್ತಿತ್ತು.

ಕೊನೆಗೆ ಅಂಬಾಜಿದುರ್ಗದ ಕಡೆಯ ಹಳ್ಳಿಯವನೊಬ್ಬ, ನಮ್ಮೂರಲ್ಲಿ ಕೆರೆ ಮಣ್ಣಿದೆ, ಅಲ್ಲಿಗೆ ತನ್ನಿ ಅಂದ. ಲಗೇಜ್ ಆಟೋದಲ್ಲಿ ಹೆಣ ಹೋಯಿತು. ಬೆಳಗ್ಗೆ ಸತ್ತವನು ಮಣ್ಣು ಸೇರಿದ್ದು ಹೊತ್ತು ಮುಳುಗುವಾಗ.

ಹೆಣ ಹೋಯಿತು, ಮಾತು ಊರಲ್ಲೇ ಉಳಿಯಿತು. ಕಹಕಶಾನ್ ಹೊಲಿಗೆಯವಳು, ಅರ್ಧ ಊರಿನ ಬ್ಲೌಸು ಅವಳ ಕೈಯಲ್ಲೇ ಆಗುವುದು. ನನ್ನ ಹೆಂಡತಿಯ ಬಾಯಲ್ಲಿ ಅವಳು ಕಾಶಮ್ಮ. ಒಂದು ದಿನ ಆದಿಲಕ್ಷ್ಮಮ್ಮ ಬ್ಲೌಸು ತೆಗೆದುಕೊಂಡು ಬಂದವಳೇ ಕೂತುಕೊಂಡು ಸುದ್ದಿ ಬಿಚ್ಚಿದಳು.

"ಕಾಶಮ್ಮನ ಮಗಳ ಸಂಬಂಧ ಮುರಿದೋಯ್ತಂತೆ ರೀ. ಶಿಡ್ಲಘಟ್ಟದೋರು, ಒಳ್ಳೇ ಜನ ಅಂತಿದ್ರು. ಈಗ ನೋಡಣ ಇರಿ, ಸ್ವಲ್ಪ ದಿನ ಹೋಗ್ಲಿ ಅಂತಾ ಅವ್ರೆ."

"ಯಾಕಂತೆ?"

"ಏಮೋನಪ್ಪ, ಯಾರಿಗ್ಗೊತ್ತು. ಅವಳ ಗಂಡನ್ನ ಮಣ್ಣೂ ಒಪ್ಪಲಿಲ್ಲವಂತಲ್ಲ! ಮೂರು ಕಡೆ ಅಗೆದ್ರೂ ಭೂಮಿ ಬಾಯಿ ಬಿಡ್ಲಿಲ್ಲವಂತೆ. ಏನು ಪಾಪ ಮಾಡಿದ್ನೋ, ಹೆತ್ತ ತಾಯಿನ ಸರಿಯಾಗಿ ನೋಡ್ಕೊಂಡಿರ್ಲಿಲ್ವೇನೋ ಅಂತಾ ಎಲ್ಲಾರೂ ಆಡ್ಕೋತಾರೆ. ಕಾಶಮ್ಮ ಅಂತೂ ಅವರು ಅಂಥೋರಲ್ಲ ಆದಿಲಕ್ಷ್ಮಕ್ಕ, ಅಂಥೋರಲ್ಲ ಅಂತ ಅಳ್ತಾಳೆ. ಅಳ್ತಾ ಅಳ್ತಾ ನನ್ನನ್ನೇ ಕೇಳ್ತಾಳೆ, ನಂಗೆ ಗೊತ್ತಿಲ್ದಂಗೆ ಏನಾದ್ರೂ ಮಾಡಿದ್ರಾ ಅಂತ."

ಆಡಿಕೊಳ್ಳುವವರ ಬಾಯಿಗೆ ಬೀಗ ಇಲ್ಲ. ಮರುದಿನ ಟೀ ಅಂಗಡಿಯಲ್ಲಿ ಬಾಷಾ ಸಿಕ್ಕಿದಾಗ ನಾನು ತಮಾಷೆಗೆಂದೇ ಕೆಣಕಿದೆ. "ಏನೋ ಬಾಷಾ, ನಿನ್ನ ಖಬರಸ್ತಾನದ ಮಣ್ಣಿಗೆ ಅಷ್ಟು ಸೊಕ್ಕಾ? ಒಳ್ಳೆ ಮನುಷ್ಯನ್ನ ಬೇಡ ಅಂತಂತೆ, ಮಗಳ ಮದುವೇನೂ ನಿಲ್ಲಿಸ್ತಂತೆ," ಎಂದು ಕೇಳಿದ್ದನ್ನೆಲ್ಲ ಹೇಳಿದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಅವನು ತನ್ನ ಅಂಗೈ ನೋಡಿಕೊಂಡ. ಟೀ ಲೋಟ ಬೆಂಚಿನ ಮೇಲಿಟ್ಟ. ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಎಲ್ಲ ಹೇಳಿದ. ಖಾಲಿ ಗೋರಿ, ಕಾಮಕಸ್ತೂರಿ, ಮೂರು ಗುಂಡಿ, ಎಲ್ಲ.

ನನಗೆ ರೇಗಿಹೋಯಿತು. "ಥೂ ನಿನ್ನ! ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲೋ! ಹೆಣ ಬಿಸಿಲಲ್ಲಿ ಇಟ್ಕೊಂಡು, ಗೊತ್ತಿದ್ದೂ ಗೊತ್ತಿದ್ದೂ ಬಂಡೆ ಕುಟ್ಟಿದ್ಯಾ? ಎಂಥ ಎದೆನೋ ನಿಂದು?"

"ಅವಳ ಪಕ್ಕ ಕೂರ್ಬೇಕಿತ್ತು ಕಣೋ," ಅಂದ.

ಕಂಬ ಹಿಡಿದು ನಿಂತಿದ್ದ ಅವಳನ್ನು ಕನ್ನಡಿಯಲ್ಲಿ ನೋಡಿದವನು ನಾನು. ದನಿ ತಗ್ಗಿಸಿ, ಮುತವಲ್ಲಿ ಸಾಹೇಬರಿಗೆ ಗುಟ್ಟಾಗಿ ಹೇಳಿಬಿಡು, ಅವರೇ ಏನಾದರೂ ಮಾಡುತ್ತಾರೆ ಅಂದೆ.

"ಗುಟ್ಟಾಗಿ ಹೇಳಿದ್ರೆ ಆ ಮಾತು ಹೋಗಲ್ಲ. ಎಲ್ಲಾರ್ ಮುಂದೆ ಹೇಳಿದ್ರೆ ಪ್ಲೇಸು ಹೋಗ್ತದೆ." ಅಂದ ಬಾಷಾ. "ನಾನು ಸತ್ಮೇಲೆ ಅವಳು ಕೇಳಲ್ವೇನೋ, ಇಲ್ಲೂ ಬೇರೆಯೋರಿಗೆ ಬಿಟ್ಕೊಟ್ರಾ ಅಂತ?"

ಆಮೇಲಿನ ದಿನಗಳಲ್ಲಿ ಮನುಷ್ಯ ಇಳಿದುಹೋದ. ಊಟ ಸೇರುತ್ತಿರಲಿಲ್ಲ. ಕಹಕಶಾನಳ ಬೀದಿಯನ್ನು ತಪ್ಪಿಸಿ ಸುತ್ತುಬಳಸಿ ಓಡಾಡುತ್ತಿದ್ದ. ಗೋಡೆ ಪಕ್ಕದ ಆ ಗುಡ್ಡೆಯನ್ನು ನೋಡಿದರೆ ಒಮ್ಮೆ ತನ್ನ ಹಾಸಿಗೆಯಂತೆ ಕಾಣುತ್ತದೆ, ಒಮ್ಮೆ ಫಾಜಿಲ್‌ನಿಂದ ಕದ್ದದ್ದರಂತೆ ಕಾಣುತ್ತದೆ ಅನ್ನುತ್ತಿದ್ದ. ಹೇಳುತ್ತೇನೆ, ಈ ಶುಕ್ರವಾರ ಹೇಳುತ್ತೇನೆ ಅನ್ನುವುದು, ಶುಕ್ರವಾರ ಬಂದರೆ ಜ್ವರ ಎಂದು ಮಲಗುವುದು. ನಾನು ಎರಡು ಸಲ ಬೈದೆ, ಮೂರನೆಯ ಸಲ ಬೈಯಲು ಮನಸ್ಸು ಬರಲಿಲ್ಲ.

ಅವನ ಬಾಯಿ ಬಿಡಿಸಿದವಳು ಕಹಕಶಾನಳೇ. ಒಂದು ಗುರುವಾರ ಸಂಜೆ ಬಾಷಾ ಗಿಡಗಳ ಕಳೆ ಕೀಳುತ್ತಿದ್ದಾಗ ಗೋಡೆಯ ಆಚೆಯಿಂದ ಒಂದು ಕೈ ಚೊಂಬು ಹಿಡಿದು ಒಳಗೆ ಬಂತು. ಖಾಲಿ ಗೋರಿಯ ಮೇಲಿನ ಕಾಮಕಸ್ತೂರಿಗೆ ನೀರು ಬಿತ್ತು. ಎದ್ದು ನೋಡಿದರೆ ಅವಳು.

"ನಾನೇ ಚಾಚಾ," ಅಂದಳು. "ಎಷ್ಟೋ ವಾರದಿಂದ ಬರ್ತಿದೀನಿ. ನೀವು ನೋಡಿಲ್ಲ."

"ಇದಕ್ಕೆ ಯಾಕಮ್ಮ ನೀರು?"

"ಇವರ ಕಡೆಯೋರು ಯಾರೂ ಬರೋದು ಕಾಣ್ಲಿಲ್ಲ. ನಮ್ಮೋರು ದೂರ ಆ ಕೆರೆ ಮಣ್ಣಲ್ಲಿ ಇದಾರೆ, ಹೊಲಿಗೆ ಬಿಟ್ಟು ವಾರ ವಾರ ಹೋಗೋಕಾಗಲ್ಲ. ನಾನು ಇವರಿಗೆ ಹಾಕಿದ್ರೆ ಅಲ್ಲಿ ಇನ್ಯಾರಾದ್ರೂ ಅವರಿಗೆ ಹಾಕ್ತಾರೆ ಅಂತ. ಇವರನ್ನ ಮಣ್ಣು ಒಪ್ಕೊಂಡೈತೆ, ಒಳ್ಳೇವರೇ ಇರ್ಬೇಕು. ನಮ್ಮೋರಿಗೋಸ್ಕರ ಅಲ್ಲಾಹನ ಹತ್ರ ಒಂದು ಮಾತು ಹೇಳ್ಲಿ ಅಂತ ಇವರನ್ನೇ ಕೇಳ್ಕೋತೀನಿ." ಅವಳು ಚೊಂಬನ್ನು ಸೆರಗಿನಲ್ಲಿ ಒರೆಸಿಕೊಂಡಳು. "ಹೆಸರೇನು ಚಾಚಾ ಇವರದ್ದು? ಹೆಸರು ಗೊತ್ತಾದ್ರೆ ಹೆಸರು ಹೇಳೇ ದುವಾ ಕೇಳ್ತೀನಿ."

ಬಾಷಾ ನನಗೆ ಇದನ್ನು ಹೇಳಿದಾಗ ಮಗುವಿನ ಹಾಗೆ ಅತ್ತ. ಹೊಡೆದವನ ಹತ್ತಿರವೇ ಬಂದು ಅವಳು ಮುಲಾಮು ಕೇಳಿದಳು ಅಂದ. ಅವಳನ್ನು, ನಾಳೆ ಜುಮ್ಮಾ ನಮಾಜ್ ಆದ ಮೇಲೆ ಇಲ್ಲೇ ಗೋಡೆ ಹತ್ತಿರ ಬಾರಮ್ಮ, ಹೇಳುತ್ತೇನೆ ಎಂದು ಕಳಿಸಿದ್ದ.

"ನೀನೂ ಬಾರೋ," ಎಂದು ನನ್ನನ್ನು ಕರೆದ. "ಒಬ್ನೇ ಆದ್ರೆ ಮತ್ತೆ ಜ್ವರ ಅಂತ ಮಲಗಿಬಿಡ್ತೀನಿ."

ಶುಕ್ರವಾರ ನಮಾಜು ಮುಗಿದ ಮೇಲೆ, ಒಂದು ಗೋರಿಯ ವಿಷಯ ಮಾತಾಡಬೇಕು ಎಂದು ಮುತವಲ್ಲಿ ಸಾಹೇಬರನ್ನೂ ಬಂದಷ್ಟು ಜನರನ್ನೂ ಕರೆತಂದ. ನಾನು ಗೋಡೆಯ ಹೊರಗೆ ಕಹಕಶಾನಳಿಂದ ಸ್ವಲ್ಪ ದೂರದಲ್ಲಿ ನಿಂತೆ. ಬಾಷಾ ಗುದ್ದಲಿ ಎತ್ತಿ ಆ ಗೋರಿಗೆ ಹಾಕಿದ.

ಜನ ಹೌಹಾರಿದರು. ಗೋರಿ ಅಗೆಯುವುದೆಂದರೇನು! ಒಬ್ಬ ಹುಡುಗ ಅವನ ಕೊರಳಪಟ್ಟಿ ಹಿಡಿದ. ಇನ್ನೊಬ್ಬರು ಗುದ್ದಲಿ ಕಿತ್ತುಕೊಳ್ಳಲು ಹೋದರು. ಬಾಷಾನಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ, ಎಲ್ಲರನ್ನೂ ತಳ್ಳಿ ಅಗೆದ. ಮಣ್ಣು ಬೆಣ್ಣೆಯ ಹಾಗೆ ಬರುತ್ತಿತ್ತು. ಮೊಣಕಾಲಿನ ತನಕ ಇಳಿದ, ಸೊಂಟದ ತನಕ ಇಳಿದ. ಒಳಗೆ ಮೂಳೆ ಇಲ್ಲ, ಬಟ್ಟೆ ಇಲ್ಲ, ಬರೀ ಮಣ್ಣು. ಹಿಡಿದಿದ್ದವರು ತಾವಾಗಿಯೇ ಕೈಬಿಟ್ಟರು.

"ನೋಡ್ಕೊಳ್ಳಿ," ಅಂದ ಬಾಷಾ ಗುಂಡಿಯೊಳಗಿಂದ. "ಇಲ್ಲಿ ಯಾರೂ ಇಲ್ಲ. ಯಾವತ್ತೂ ಇರ್ಲಿಲ್ಲ. ನನ್ನ ಹೆಂಡ್ತಿ ಪಕ್ಕ ನಂಗೆ ಬೇಕು ಅಂತ ನಾನೇ ಹಿಡಿದಿಟ್ಟಿದ್ದು. ಫಾಜಿಲ್ ಬಂದಾಗ ಪ್ಲೇಸ್ ಇತ್ತು. ನಾನು ಇಲ್ಲ ಅಂದೆ. ಮಣ್ಣು ಒಲ್ಲೆ ಅನ್ಲಿಲ್ಲ ಕಣ್ರಪ್ಪಾ, ನಾನು ಅಂದೆ. ಅವನ ಬಗ್ಗೆ ಯಾರೇನು ಆಡ್ಕೊಂಡ್ರೋ ಅದೆಲ್ಲಾ ನಂಗೆ ಸೇರಬೇಕಾದ್ದು."

ಗೋಡೆಯ ಈಚೆಯಿಂದ ಕಹಕಶಾನ್ ಮಾತಾಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಮೂರನೇ ಗುಂಡಿ ಅಗಿಯೋವಾಗ್ಲೂ ನಿಮ್ಗೆ ಗೊತ್ತಿತ್ತಾ ಚಾಚಾ?"

"ಗೊತ್ತಿತ್ತಮ್ಮ."

"ಪಾಪ ಈ ವಯಸ್ಸಲ್ಲಿ ಎಷ್ಟು ಕಷ್ಟಪಟ್ರು ಅಂತ ಆವತ್ತು ಮನೇಗೆ ಹೋಗಿ ನಿಮಗೇ ಮೊದಲು ದುವಾ ಕೇಳಿದೆ ನಾನು. ಅವರಿಗಿಂತ ಮೊದಲು."

ಅಷ್ಟು ಹೇಳಿ ಹೊರಟುಹೋದಳು. ಬಾಷಾ ಗುಂಡಿಯಲ್ಲೇ ಕೂತುಬಿಟ್ಟ. ನಾನೂ ಒಳಗೆ ಹೋಗಿ, ನಾಲ್ಕು ಜನ ಸೇರಿ ಎಳೆದು ಮೇಲೆ ತರಬೇಕಾಯಿತು.

ಮುತವಲ್ಲಿ ಸಾಹೇಬರು ಒಳ್ಳೆಯವರು, ಬೈಯಲಿಲ್ಲ. ಬೀಗದ ಕೈ ಮಾತ್ರ ಈಸಿಕೊಂಡರು. ತೋಡಿದ ಗುಂಡಿ ಹಾಗೇ ಇತ್ತು, ಅದು ಬಹಳ ದಿನ ಖಾಲಿ ಉಳಿಯಲಿಲ್ಲ. ಬಳೆ ಮಾರುತ್ತಿದ್ದ ಒಬ್ಬ ಮುದುಕಿ ತೀರಿಕೊಂಡಳು. ಈಗ ಶಕೀಲಾಳ ಪಕ್ಕ ಅವಳು ಮಲಗಿದ್ದಾಳೆ. ಮೂರು ಹಿಡಿ ಮಣ್ಣು ಹಾಕಲು ಬಾಷಾನೂ ಸಾಲಿನಲ್ಲಿ ನಿಂತಿದ್ದ. ಹಾಕುವಾಗ ಮುದುಕಿಯ ಕಡೆ ನೋಡಲಿಲ್ಲವಂತೆ, ಪಕ್ಕಕ್ಕೆ ತಿರುಗಿ ಹೆಂಡತಿಯ ಕಲ್ಲನ್ನೇ ನೋಡುತ್ತಿದ್ದನಂತೆ. ಊರವರು ಅವನ ಸಲಾಮಿಗೆ ಈಗ ಅರ್ಧ ಕೈ ಎತ್ತುತ್ತಾರೆ. ಅವರ ತಪ್ಪೇನೂ ಇಲ್ಲ.

ಫಾಜಿಲ್‌ನ ಹೆಸರಿಗೆ ಅಂಟಿದ್ದ ಮಾತು ಹೋಯಿತು. ಶಿಡ್ಲಘಟ್ಟದವರು ಏನೂ ಆಗದವರ ಹಾಗೆ ಫೋನು ಮಾಡಿ, ನಿಕಾಹ್ ಯಾವತ್ತು ಇಟ್ಟುಕೊಳ್ಳೋಣ ಎಂದು ಕೇಳಿದರು. ಈ ಸಲ ಬೇಡ ಅಂದವಳು ಅರ್ಫಾ. ನಮ್ಮಪ್ಪನ ಬಗ್ಗೆ ಯಾರೋ ಆಡಿದ ಮಾತು ನಂಬಿ ಬಿಟ್ಟವರು ನನ್ನ ಬಗ್ಗೆ ಇನ್ನೊಂದು ಕೇಳಿ ನಾಳೆ ನನ್ನನ್ನೂ ಬಿಡುತ್ತಾರೆ ಎಂದಳಂತೆ. ಹುಡುಗಿ ಗಟ್ಟಿ. ಆದರೆ ರಾತ್ರಿಯೆಲ್ಲ ಅಳುತ್ತಾಳೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆ ಹುಡುಗ ಅವಳಿಗೆ ಇಷ್ಟವಾಗಿದ್ದ. ಬಾಷಾ ತನ್ನ ಬಾಯಿ ಒಂದು ವರ್ಷ ಮೊದಲೇ ತೆರೆದಿದ್ದರೆ ಎಂದು ನಾನು ಲೆಕ್ಕ ಹಾಕುತ್ತೇನೆ. ಅವನು ಹಾಕುತ್ತಿರುವುದೂ ಅದನ್ನೇ.

ಮೊನ್ನೆ ಕಹಕಶಾನ್ ಬ್ಲೌಸು ಕೊಡಲು ನಮ್ಮ ಮನೆಗೆ ಬಂದಿದ್ದಳು. ಸುಮ್ಮನಿರಲಾರದೆ ನಾನು ಮಧ್ಯೆ ಬಾಯಿ ಹಾಕಿದೆ.

"ಏನೋ ಮುದುಕ, ಎಲ್ಲಾರ್ ಮುಂದೆ ಒಪ್ಕೊಂಡ್ನಲ್ಲಮ್ಮ. ಕೈಲಿದ್ದದ್ದೂ ಕಳ್ಕೊಂಡ. ಕ್ಷಮಿಸಿಬಿಡು."

ಅವಳು ಸೂಜಿಯನ್ನು ದುಪಟ್ಟಾದ ಅಂಚಿಗೆ ಚುಚ್ಚಿಕೊಂಡಳು.

"ನಾನ್ಯಾರಣ್ಣ ಕ್ಷಮಿಸೋಕೆ? ಬಿಸಿಲಲ್ಲಿ ಮಲ್ಕೊಂಡು ಕಾಯ್ದೋರು ಅವರು."

ಸಂಜೆ ಇದನ್ನು ಬಾಷಾನಿಗೆ ಹೇಳಿದೆ. ಹೇಳಬಾರದಿತ್ತೇನೋ, ನನ್ನ ಬಾಯಿಗೂ ಬೀಗ ಇಲ್ಲ. ಅವನು, ಅಂಬಾಜಿದುರ್ಗದ ಕಡೆಗೆ ಬೆಳಗ್ಗೆ ಯಾವ ಬಸ್ಸಿದೆ ಎಂದು ಕೇಳಿದ. ಒಬ್ಬನನ್ನೇ ಕಳಿಸಲು ಧೈರ್ಯ ಬರಲಿಲ್ಲ, ನಾನೂ ಹೊರಟೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವನು ಕೂರಲಿಲ್ಲ.

ಹಳ್ಳಿಯ ಆಚೆ ಕೆರೆಯ ಅಂಗಳದಲ್ಲಿ ಆ ಖಬರಸ್ತಾನ. ಬೇಕಾದಷ್ಟು ಮಣ್ಣು, ಬೇಕಾದಷ್ಟು ಪ್ಲೇಸು, ಗೋರಿ ನಾಲ್ಕಾರು. ಒಂದು ಹೊಂಗೆ ಮರ ದೂರದಲ್ಲಿತ್ತು. ಫಾಜಿಲ್ ಮಲಗಿದ್ದದ್ದು ಬಯಲಲ್ಲಿ. ಬಾಷಾ ತಂದಿದ್ದ ನೀರು ಹಾಕಿದ, ಹುಲ್ಲು ಕಿತ್ತ, ಕೈಯೆತ್ತಿ ಏನೋ ಬೇಡಿಕೊಂಡ. ಆಮೇಲೆ ಗೋರಿಯ ಪಕ್ಕ ನೆಲದ ಮೇಲೆ ಕೂತ. ಹೊತ್ತು ನೆತ್ತಿಗೆ ಬಂದರೂ ಏಳಲಿಲ್ಲ. ಬೋಳು ತಲೆಯಿಂದ ಬೆವರು ಇಳಿದು ಗಡ್ಡದಲ್ಲಿ ತೊಟ್ಟಿಕ್ಕುತ್ತಿತ್ತು. ನಾನು ಹೊಂಗೆ ಮರದ ಕೆಳಗಿನಿಂದ ಕೂಗಿದೆ.

"ಲೋ, ನೆರಳಿಗೆ ಬಾರೋ! ಸತ್ತುಗಿತ್ತು ಹೋದೀಯ!"

ಅವನು ತಿರುಗಿ ನೋಡದೆ ಹೇಳಿದ, "ಅವತ್ತು ಇವನನ್ನ ಯಾರು ಕರೆದ್ರು ನೆರಳಿಗೆ?"

ನಾನು ಎದ್ದು ಹೋಗಿ ಬಿಸಿಲಲ್ಲೇ ಅವನ ಪಕ್ಕ ಕೂತೆ. ಸಂಜೆಯ ಬಾಂಗು ಕೇಳುವ ತನಕ ಇಬ್ಬರೂ ಏಳಲಿಲ್ಲ.